ಬುರುಡೆಯ ಹಣೆಗೆ ವಿಭೂತಿ

ಕಾರ್ಖಾನೆಗಳ ವಿಷದ ತ್ಯಾಜ್ಯವನ್ನು ಡ್ರಮ್ಮುಗಳಲ್ಲಿ ಸಾಗಿಸುವ ಕೆಲಸ ನನ್ನದು. ಹಳ್ಳಿಮೈಸೂರಿನ ದಾರಿಯಲ್ಲೊಂದು ಪೇಂಟ್ ಕಾರ್ಖಾನೆ. ಅವತ್ತು ತಗಡಿನ ಸಂದಿಯಿಂದ ಬೆಳಗಿನ ಬಿಸಿಲು ಇಳಿದಿತ್ತು; ಥಿನ್ನರ್ ವಾಸನೆಗೆ ಇಡೀ ಗೋಡೌನು ನಿದ್ದೆಗಣ್ಣಲ್ಲಿ ತೇಲುತ್ತಿರುವಂತಿತ್ತು. ಒಂದೊಂದು ಡ್ರಮ್ಮಿನ ಲೇಬಲ್ಲಿನಲ್ಲೂ ಅಪಾಯದ ತಲೆಬುರುಡೆ. ಅದರ ಹಣೆಗೆ ಯಾರೋ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದರು. ಬುರುಡೆಗಳೆಲ್ಲ ಸಾಲಾಗಿ ಧ್ಯಾನಕ್ಕೆ ಕೂತಂತಿದ್ದವು.

"ನಾನೇ ಅಚ್ಚಿದ್ದು ಸಾ," ಅಂದರು ಗೋಡೌನು ಗುಡಿಸುವ ಗೌರಮ್ಮ. "ಯಾರ್ದೋ ತಲೆ. ಬರೀ ಅಣೇಲಿ ಬಿಡಕ್ಕಾಯ್ತದಾ?"

ಲೇಬಲ್ ಮೇಲೆ ಏನೂ ಇರಬಾರದೆಂಬ ನಿಯಮ ಹೇಳಿ, ಅಷ್ಟನ್ನೂ ನಾನೇ ಒರೆಸಿದೆ. ಇನ್ನು ಹಚ್ಚಬೇಡಿ ಎಂದೂ ಹೇಳಿದೆ. ಗೌರಮ್ಮ ಮತ್ತೆ ಗುಡಿಸತೊಡಗಿದರು.

ಮುಂದಿನ ತಿಂಗಳು ಹೋದಾಗ ಹೊಸ ಡ್ರಮ್ಮುಗಳು ಬರೀ ಹಣೆಯಲ್ಲಿ ನಿಂತಿದ್ದವು. ಅವುಗಳ ಮುಚ್ಚಳದ ಮೇಲೆ ಕೆಲಸಗಾರರು ಊಟದ ಡಬ್ಬಿ ಬಿಚ್ಚಿಕೊಂಡಿದ್ದರು. ಒಬ್ಬನ ಮುದ್ದೆ ಸೀದಾ ಮುಚ್ಚಳದ ಮೇಲೇ ಇತ್ತು. ನಾನು ಕಿರುಚಿಬಿಟ್ಟೆ.

"ಈಬೂತಿ ಇದ್ದಾಗ ಒಬ್ರೂ ಮುಟ್ತಿರ್ಲಿಲ್ಲ ಕಣ್ ಸಾ," ಅಂದರು ಗೌರಮ್ಮ, ಪೊರಕೆ ನಿಲ್ಲಿಸದೆ.

ಈಗ ನನ್ನ ಬ್ಯಾಗಿನಲ್ಲಿ ಗ್ಲೌಸು, ಹೊಸ ಲೇಬಲ್ಲುಗಳು, ಒಂದು ವಿಭೂತಿ ಗಟ್ಟಿ ಇರುತ್ತವೆ. ವರದಿಯಲ್ಲಿ 'ಸುರಕ್ಷತಾ ಕ್ರಮಗಳು' ಎಂಬ ಕಾಲಮ್ಮಿಗೆ ಮೊದಲೆರಡನ್ನು ಮಾತ್ರ ಬರೆಯುತ್ತೇನೆ.