ಏಳನೇ ಕೌಂಟರಿನ ಬೀಳ್ಕೊಡುಗೆ

ವಡೋದರಾದ ಆಲ್ಕಾಪುರಿಯಲ್ಲಿ, ವಿಮಾ ಕಚೇರಿಯೊಂದರ ಏಳನೇ ಕೌಂಟರಿನಲ್ಲಿ ಭೀಮಸೇನ ಗಲಗಲಿಯವರು ಹನ್ನೊಂದು ವರ್ಷದಿಂದ ಕೂತಿದ್ದಾರೆ. ಊರು ಜಮಖಂಡಿ. ಏಳನೆಯದು ಮರಣ ಕ್ಲೇಮಿನ ಕೌಂಟರು. ಅಲ್ಲಿಗೆ ಬರುವವರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮರಣಪತ್ರ, ಯಾರದೋ ಬಣ್ಣ ಮಾಸಿದ ಫೋಟೊ. ಭೀಮಸೇನರು ಎದ್ದು ನಿಂತು ಕುರ್ಚಿ ತೋರಿಸುತ್ತಾರೆ, ತಾಮ್ರದ ತಂಬಿಗೆಯಿಂದ ನೀರು ಕೊಡುತ್ತಾರೆ. ನಗುವುದಿಲ್ಲ. ಕೆಲಸ ಮುಗಿದ ಮೇಲೆ ಬೀಳ್ಕೊಡುವ ಮಾತನ್ನೂ ಆಡುವುದಿಲ್ಲ. ಸಾವಿನ ಮನೆಯಿಂದ ‘ಹೋಗಿ ಬರ್ತೀನಿ’ ಎನ್ನದೆ ಎದ್ದು ಬರುವುದು ಅವರ ಕಡೆಯ ಪದ್ಧತಿ. ಅವರ ಪಾಲಿಗೆ ಈ ಕೌಂಟರೂ ಅಂಥದೇ ಮನೆ.

ಜನವರಿಯಲ್ಲಿ ಮೇಲಿನಿಂದ ‘ಗ್ರಾಹಕ ಸಂತೋಷ’ದ ಸುತ್ತೋಲೆ ಬಂತು. ಪ್ರತಿ ಗ್ರಾಹಕನನ್ನೂ ನಗುತ್ತ ಸ್ವಾಗತಿಸಬೇಕು, ಹೊರಡುವಾಗ ‘ಆವ್ಜೋ, ಮತ್ತೆ ಬನ್ನಿ’ ಎನ್ನಬೇಕು. ಗ್ರಾಹಕನ ವೇಷದಲ್ಲಿ ಯಾರೋ ಬಂದು ಗುಟ್ಟಾಗಿ ಅಂಕ ಹಾಕುತ್ತಾರೆ. ಎಪ್ಪತ್ತು ಬರದವರಿಗೆ ಸೂರತ್ತಿನ ಸಚಿನ್ ಶಾಖೆಗೆ ವರ್ಗ.

ಭೀಮಸೇನರ ಮಗಳು ಸಂಜನಾಗೆ ಮಾರ್ಚ್‌ನಲ್ಲಿ ಹನ್ನೆರಡನೆಯ ತರಗತಿಯ ಪರೀಕ್ಷೆ. ದಿನಾ ಸಂಜೆ ಗಣಿತ ಹೇಳಿಕೊಡುವವರು ಅವರೇ. ಮರಣ ಕ್ಲೇಮಿಗಾದರೂ ವಿನಾಯಿತಿ ಇಲ್ಲವೇ ಎಂದು ಮ್ಯಾನೇಜರ್ ಯಶವಂತ್‌ಭಾಯಿಯನ್ನು ಕೇಳಿದರು. ಅವರು ಸುತ್ತೋಲೆಯನ್ನು ಎರಡು ಸಲ ಓದಿ, ಪ್ರತಿ ಗ್ರಾಹಕ ಎಂದರೆ ಪ್ರತಿ ಗ್ರಾಹಕ ಎಂದರು.

ಹಾಗಾಗಿ ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಶುರುವಾಯಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರಮಾಮಣಿ ಸ್ವಲ್ಪ ಹೊತ್ತು ನೋಡಿದರು.

“ಯಾಕ್ರಿ, ಹಲ್ಲು ನೋಯಾಕ್ಹತ್ತೇತೇನು?”

“ಪಪ್ಪಾ, ಪ್ಲೀಸ್ ಬೇಡ,” ಎಂದಳು ಸಂಜನಾ. “ಡರಾವ್ನಾ ಇದೆ, ಹೆದರಿಕೆ ಆಗುತ್ತೆ.”

ಮರುದಿನ, ಗಂಡನನ್ನು ಕಳೆದುಕೊಂಡ ಲಕ್ಷ್ಮಿಬೆನ್ ಎಂಬ ಮುದುಕಿ ಕೌಂಟರಿಗೆ ಬಂದರು. ಭೀಮಸೇನರು ಧೈರ್ಯ ಮಾಡಿ ಹಲ್ಲು ತೋರಿಸಿದರು. ಮುದುಕಿ ಗಾಬರಿಯಾಗಿ, ಸಾಹೇಬರಿಗೆ ಏನಾಯಿತೆಂದು ವಿಚಾರಿಸಿ, ತಮ್ಮ ಬಾಟಲಿಯ ನೀರನ್ನೇ ಕುಡಿಸಿದರು. ನಗುವಿನ ಪ್ರಯೋಗ ಅಲ್ಲಿಗೆ ಮುಗಿಯಿತು.

ಫೆಬ್ರವರಿಯಲ್ಲಿ ಬಂದ ಮಂಥನ್ ಎಂಬ ಯುವಕನೇ ಆ ಗುಪ್ತ ಪರೀಕ್ಷಕ. ಭೀಮಸೇನರಿಗೆ ಅದು ಗೊತ್ತಿರಲಿಲ್ಲ. ಸೋದರಮಾವ ತೀರಿಕೊಂಡಿದ್ದಾರೆ, ಏನೇನು ಕಾಗದ ಬೇಕು ಎಂದ. ಕುರ್ಚಿ, ನೀರು ಆದ ಮೇಲೆ ಭೀಮಸೇನರು ಮಾಹಿತಿಯ ಹಾಳೆ ತೆಗೆದು ಒಂದೊಂದೇ ಕೇಳತೊಡಗಿದರು. ಹೆಸರನ್ನು ಮಂಥನ್ ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದು ನಡಿಯಾದಿನಲ್ಲಿ ಗಟ್ಟಿಮುಟ್ಟಾಗಿರುವ ಸ್ವಂತ ಸೋದರಮಾವನ ಹೆಸರು. ವಯಸ್ಸು ಐವತ್ತೆಂಟು. ಎದೆನೋವು. ಬೆಳಗಿನ ಚಹಾ ಕುಡಿಯುವಾಗ. ಚಹಾ ಪೂರ್ತಿ ಕುಡಿದಿದ್ದರೇ ಎಂದು ಭೀಮಸೇನರು ಮೆಲ್ಲಗೆ ಕೇಳಿದರು. ಆ ಪ್ರಶ್ನೆ ಹಾಳೆಯಲ್ಲಿ ಇರಲಿಲ್ಲ.

 ಮಂಥನ್‌ಗೆ ಸೈಕಲ್ ಕಲಿಸಿದ್ದು ಆ ಮಾವನೇ. ಭೀಮಸೇನರು ಹೆಸರಿನ ಮುಂಚೆ ದುಂಡಗೆ ‘ದಿವಂಗತ’ ಎಂದು ಸೇರಿಸಿದ್ದೇ ತಡ, ಅವನು ಬಾಗಿಲ ಬಳಿಗೆ ಓಡಿ ಫೋನ್ ಮಾಡಿದ. ಆ ಕಡೆ ಬಹಳ ಹೊತ್ತು ರಿಂಗಾಯಿತು. ಕೊನೆಗೆ ಮಾವ ಎತ್ತಿ, ಬಾಯ್ತುಂಬ ಫಾಫ್ಡಾ ಇಟ್ಟುಕೊಂಡೇ, ತಿನ್ನುವ ಹೊತ್ತಿಗೆ ಎಂಥ ಫೋನು ಎಂದು ಬೈದರು.

ಮಂಥನ್ ಹಿಂತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ಹಾಳೆ ತೆಗೆದುಕೊಂಡು, ಬೀಳ್ಕೊಡುವ ಮಾತಿಗಾಗಿ ಕಾದು ನಿಂತ. ಭೀಮಸೇನರಿಗೆ ಸುತ್ತೋಲೆ ನೆನಪಾಯಿತು, ಸಚಿನ್ ಶಾಖೆ ನೆನಪಾಯಿತು, ಮಗಳ ಅರ್ಧಕ್ಕೆ ನಿಂತ ಗಣಿತದ ಪುಸ್ತಕವೂ ನೆನಪಾಯಿತು. ‘ಆವ್ಜೋ’ ನಾಲಿಗೆಯ ತುದಿಯವರೆಗೆ ಬಂದು, ಅಲ್ಲೇ ಕೂತಿತು.

“ಮತ್ತೆ ಬರಬೇಡಿ, ಬೇಟಾ,” ಎಂದರು ಹಿಂದಿಯಲ್ಲಿ. “ಈ ಕೌಂಟರಿಗೆ ಬರುವ ಪ್ರಸಂಗ ನಿಮಗೆ ಇನ್ನೊಮ್ಮೆ ಬಾರದಿರಲಿ.”

ಹದಿನೈದು ದಿನಕ್ಕೆ ವರದಿ ಬಂತು. ನಗು, ಸೊನ್ನೆ. ಬೀಳ್ಕೊಡುಗೆ, ಪೂರ್ಣ ಅಂಕ. ಒಟ್ಟು ಎಪ್ಪತ್ತೊಂದು. ಆ ಸಂಜೆ ರಮಾಮಣಿ ಸಿಹಿ ಮಾದೇಲಿ ಮಾಡಿದರು. ಸಂಜನಾ ಅದನ್ನು ತಿನ್ನುತ್ತಲೇ ಲೆಕ್ಕ ಬಿಡಿಸಿದಳು.

ಸಂಜನಾಳ ಪರೀಕ್ಷೆ ಮುಗಿಯುವಷ್ಟರಲ್ಲಿ ಇನ್ನೊಂದು ಸುತ್ತೋಲೆ. ‘ಮತ್ತೆ ಬರಬೇಡಿ’ ಎಂಬ ಮಾತು ಗ್ರಾಹಕರ ಮನ ಮುಟ್ಟಿರುವುದರಿಂದ, ಇನ್ನು ಮುಂದೆ ಅದು ಎಲ್ಲ ಕೌಂಟರುಗಳಿಗೂ ಕಡ್ಡಾಯ. ಎರಡನೇ ಕೌಂಟರಿನಲ್ಲಿ ಮೊದಲ ಕಂತು ಕಟ್ಟಿದ ಸೀರೆ ವ್ಯಾಪಾರಿಯೊಬ್ಬರಿಗೆ, ಅಲ್ಲಿ ಕೂರುವ ಮನಸ್ವಿನಿ ಚೆನ್ನಾಗಿ ನಕ್ಕು ಅದನ್ನೇ ಹೇಳಿದಳು. ಅವರು ಪಾಲಿಸಿ ರದ್ದು ಮಾಡಿಸಲು ನೇರವಾಗಿ ಯಶವಂತ್‌ಭಾಯಿಯ ಕೋಣೆಗೆ ನಡೆದರು.

ಭೀಮಸೇನರು ತಂಬಿಗೆ ಎತ್ತಿಕೊಂಡು ಅವರ ಹಿಂದೆಯೇ ಹೋದರು.