ಉಪ್ಪಿನಕಾಯಿ ಜಾಡಿಯ ಕೆಳಗಿನ ಮೂರು ಹಾಳೆ

ಮಗಳಿಗೆ ಹೇಳಿದ ಒಂದು ಸುಳ್ಳನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. "ಅದ್ರಲ್ಲಿ ಓದೋವಂಥದ್ದು ಏನೂ ಇಲ್ಲಮ್ಮ" ಎಂದಿದ್ದೆ. ಇತ್ತು. ಆ ಮೂರೂ ಹಾಳೆಗಳನ್ನು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿಯೇ ಹಾಗೆ ಹೇಳಿದ್ದೆ.

ಹೋದ ವರ್ಷದ ದಸರಾ ರಜೆಯ ಮಾತು. ನಾವಿರುವುದು ಟಿ. ದಾಸರಹಳ್ಳಿಯಲ್ಲಿ, ಮಗಳ ಸಂಸಾರದ ಜೊತೆ. ಮಗಳು ನರ್ಸಿಂಗ್ ಹೋಮ್ ಒಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಅಳಿಯನಿಗೆ ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಕೆಲಸ. ಹಬ್ಬದ ಹೊತ್ತಿಗೆ ಅವನಿಗೆ ರಜೆ ಎಂಬುದೇ ಇಲ್ಲ. ಮೊಮ್ಮಗಳಿಗೆ ಆಗ ಏಳು ವರ್ಷ. ಊರಿನ ಇನ್ನೊಂದು ತುದಿಯಲ್ಲಿರುವ ದೊಡ್ಡ ನೀರಾಟದ ಪಾರ್ಕಿಗೆ ಒಂದು ದಿನ ಹೋಗಿಬರೋಣವೆಂದು ಮಗಳು ಹೊರಡಿಸಿದಳು. ಅವಳ ಷರತ್ತು ಒಂದೇ.

"ಯಾರೂ ಓಡೋದು ಬೇಡ ಅಪ್ಪ. ಆರಾಮಾಗಿ ಹೋಗಿ ಆರಾಮಾಗಿ ಬರೋಣ. ಅಮ್ಮಂಗೆ ಒಂದಿನಾನಾದ್ರೂ ಒಲೆ ಮುಂದೆ ನಿಲ್ಲೋದು ತಪ್ಪಲಿ."

ನನ್ನ ಹೆಂಡತಿಗೂ ಒಂದು ಆಸೆಯಿತ್ತು. ಅವಳು ಸಮುದ್ರ ನೋಡಿದವಳಲ್ಲ. ಆ ಪಾರ್ಕಿನಲ್ಲಿ ಯಂತ್ರದಿಂದ ಅಲೆ ಎಬ್ಬಿಸುವ ಕೊಳವಿದೆ ಎಂದು ಮೊಮ್ಮಗಳು ಹೇಳಿದಾಗಿನಿಂದ, "ಅದ್ರಲ್ಲಿ ಕಾಲು ಇಟ್ಕೊಂಡು ಕೂತ್ರೆ ಬಯ್ತಾರಾ?" ಎಂದು ಎರಡು ಸಲ ಕೇಳಿದ್ದಳು.

ಹೇಗೆ ಹೋಗಬೇಕು, ಏನು ನೋಡಬೇಕು ಎನ್ನುವುದಕ್ಕೆ ಮಗಳು ಮೂರು ಗೈಡ್ ಒಟ್ಟುಮಾಡಿದಳು. ಒಂದು ಪಾರ್ಕಿನವರದೇ ಪುಸ್ತಿಕೆ, ನಕ್ಷೆಯ ಸಮೇತ. ಇನ್ನೊಂದು ಫೋನಿನಲ್ಲಿ ಹುಡುಗನೊಬ್ಬ ಮಾಡಿದ ವಿಡಿಯೋ. ಬಾಗಿಲು ತೆರೆದ ಕ್ಷಣದಿಂದ ಎಲ್ಲಿಗೆ ನುಗ್ಗಿದರೆ ಒಂದೇ ದಿನದಲ್ಲಿ ಎಲ್ಲ ಆಟ ಮುಗಿಸಬಹುದು ಎಂದು ಉಸಿರು ಬಿಡದೆ ಹೇಳುತ್ತಿದ್ದ. ಮೂರನೆಯದು ಯಾರೋ ಗೃಹಿಣಿ ಕನ್ನಡದಲ್ಲಿ ಬರೆದು ಇಂಟರ್ನೆಟ್ಟಿನಲ್ಲಿ ಹಾಕಿದ್ದು, ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋದ ಅನುಭವದಿಂದ. ಮಗಳು ಅದನ್ನು ಓದಲು ಪುರುಸೊತ್ತಿಲ್ಲದೆ ಜೆರಾಕ್ಸ್ ಅಂಗಡಿಯಲ್ಲಿ ಮೂರು ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ತಂದು, ಮೂರು ಗೈಡನ್ನೂ ನನ್ನ ಮುಂದಿಟ್ಟು, "ಯಾವುದು ಸರಿಹೋಗುತ್ತೆ ನೋಡಿ ಹೇಳು, ಪ್ಲಾನಿಂಗ್ ನಿನ್ನ ಸಬ್ಜೆಕ್ಟಲ್ವಾ" ಎಂದಳು.

ನನ್ನ ಸಬ್ಜೆಕ್ಟೇ ಹೌದು. ಎಸ್ಸೆಸ್ಸೆಲ್ಸಿ ಮುಗಿಸಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಹೆಲ್ಪರ್ ಆಗಿ ಸೇರಿದವನು, ಕೆಲಸದ ವೇಳೆ ಅಳೆಯುವವನಾಗಿ ನಿವೃತ್ತನಾದೆ. ವಿದ್ಯುತ್ ಸ್ವಿಚ್ಚು ಜೋಡಿಸುವ ಲೈನುಗಳು ನಮ್ಮಲ್ಲಿದ್ದವು. ಹೆಂಗಸರು ಸಾಲಾಗಿ ಕೂತು ಜೋಡಿಸುವಾಗ ನಾನು ಹಿಂದೆ ನಿಂತು ಸ್ಟಾಪ್‌ವಾಚ್ ಒತ್ತಬೇಕು, ಒಂದು ಸ್ವಿಚ್ಚಿಗೆ ಎಷ್ಟು ಸೆಕೆಂಡು ಎಂದು ಬರೆಯಬೇಕು. ಬರೆದ ವೇಳೆಯ ಮೇಲೆ ಸ್ವಲ್ಪ ಸೇರಿಸಲೂಬೇಕು. ಕೈ ಸೋಲುತ್ತದೆ, ನೀರು ಕುಡಿಯಬೇಕು, ಶೌಚಕ್ಕೆ ಹೋಗಬೇಕು. ಇದಕ್ಕೆ ಅಲವೆನ್ಸ್ ಎನ್ನುತ್ತಿದ್ದೆವು. ಎಷ್ಟು ಸೇರಿಸಬೇಕೆಂಬುದು ಬಹಳಮಟ್ಟಿಗೆ ನನ್ನ ಪೆನ್ಸಿಲಿನಲ್ಲಿತ್ತು. ಹೆಂಗಸರು ಬೆನ್ನ ಹಿಂದೆ ನನ್ನನ್ನು ಸೆಕೆಂಡ್ ಸಾರ್ ಎನ್ನುತ್ತಿದ್ದರು. ಕೇಳಿಸಿದಾಗ ಹೆಮ್ಮೆಯಾಗುತ್ತಿತ್ತು.

ಆ ಗೃಹಿಣಿಯ ಹಾಳೆಗಳು ನನಗೆ ಹಿಡಿಸಲಿಲ್ಲ. ಒಳಗೆ ಹೋದ ಕೂಡಲೇ ಯಾವ ಆಟಕ್ಕೂ ಓಡಬೇಡಿ, ಮೊದಲು ಶೌಚಾಲಯ ಎಲ್ಲಿದೆ ನೋಡಿಕೊಳ್ಳಿ ಎಂದು ಮೊದಲ ಪ್ಯಾರಾದಲ್ಲೇ ಬರೆದಿದ್ದರು. ನಾಲ್ಕೇ ಆಟ ಆರಿಸಿಕೊಳ್ಳಿ, ಊಟದ ಮೇಲೆ ಒಂದು ಗಂಟೆ ನೆರಳಲ್ಲಿ ಕೂತಿರಿ, ಅಲೆಯ ಕೊಳಕ್ಕೆ ವೇಳೆ ಇಟ್ಟುಕೊಳ್ಳಿ, ಹಿರಿಯರು ಬೇಡವೆಂದರೂ ಮತ್ತೆ ಮತ್ತೆ ನೀರು ಕೊಡಿ. ಟಿಕೆಟ್ ತೆತ್ತು ಹೋಗಿ ನೆರಳಲ್ಲಿ ಕೂರುವುದಕ್ಕೆ ಗೈಡ್ ಬೇಕೇ ಎಂದು ನಗು ಬಂತು. ಆದರೆ ಮಗಳು ಓದಿದರೆ ಇದನ್ನೇ ಆರಿಸುತ್ತಾಳೆ ಎಂಬುದೂ ಗೊತ್ತಿತ್ತು. ಅವಳು ಕೇಳಿದ್ದೇ ಅದನ್ನಲ್ಲವೇ. ಹಾಗಾಗಿ ಸುಳ್ಳು ಹೇಳಿದೆ. ಹಾಳೆಗಳನ್ನು ಮಡಿಸಿ ಅಡುಗೆಮನೆಯ ಶೆಲ್ಫಿನಲ್ಲಿ, ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಸಿಬಿಟ್ಟೆ. ಹುಡುಗನ ವಿಡಿಯೋವನ್ನು ನಾಲ್ಕು ಸಲ ನಿಲ್ಲಿಸಿ ನಿಲ್ಲಿಸಿ ನೋಡಿ, ಗೆರೆ ಹಾಕಿದ ಕಾಗದದ ಮೇಲೆ ಆಟ, ಕ್ಯೂ, ನಡಿಗೆ ಎಂದು ಮೂರು ಕಾಲಂ ಹಾಕಿ ಇಡೀ ದಿನವನ್ನು ಬರೆದೆ. ಅಲವೆನ್ಸಿಗೆ ಕಾಲಂ ಹಾಕಲಿಲ್ಲ.

ಬಾಗಿಲು ತೆರೆಯುವ ಮುಂಚೆಯೇ ನಾವು ಅಲ್ಲಿದ್ದೆವು. ಮಗಳು, "ಅಪ್ಪ, ಇದೇನಿದು, ಶಿಫ್ಟಿಗೆ ಬಂದಂಗಿದೆ" ಎಂದಳು. ಮೊಮ್ಮಗಳಿಗೆ ಖುಷಿಯೋ ಖುಷಿ. ನನ್ನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು, "ತಾತ, ನೆಕ್ಸ್ಟ್ ಯಾವುದು, ನೆಕ್ಸ್ಟ್ ಯಾವುದು" ಎಂದು ಕುಣಿಯುತ್ತಿದ್ದಳು. ಹೆಂಡತಿಯ ಪಾಲಿಗೆ ಬ್ಯಾಗುಗಳು ಬಂದವು. ಅವಳು ಆಟಗಳಿಗೆ ಹತ್ತುವವಳಲ್ಲ. ಆದ್ದರಿಂದ ಮುಂದಿನ ಆಟದ ಕ್ಯೂನಲ್ಲಿ ಮೊದಲೇ ಹೋಗಿ ಜಾಗ ಹಿಡಿದಿರಲಿ ಎಂದು ನಾನೇ ಏರ್ಪಾಡು ಮಾಡಿದ್ದೆ. ನಾವು ಒಂದರಿಂದ ಇಳಿಯುವಷ್ಟರಲ್ಲಿ ಅವಳು ಇನ್ನೊಂದರಲ್ಲಿ ಅರ್ಧ ದೂರ ಸರಿದಿರುತ್ತಿದ್ದಳು. ಒಂದು ನಿಮಿಷವೂ ವ್ಯರ್ಥವಾಗುತ್ತಿರಲಿಲ್ಲ.

ಕ್ಯೂನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು ನನ್ನ ಹೆಂಡತಿಗೆ, "ಅಮ್ಮ, ಸ್ವಲ್ಪ ಕೂತ್ಕೊಳ್ಳಿ, ನಾನು ಜಾಗ ನೋಡ್ಕೋತೀನಿ" ಎಂದಳಂತೆ. ಇವಳು, "ಪರ್ವಾಗಿಲ್ಲಮ್ಮ, ನಮ್ಮೋರು ಟೈಮ್ ಹಾಕಿದ್ದಾರೆ" ಎಂದಳಂತೆ. ಇದನ್ನು ಆಮೇಲೆ ಮಗಳು ನನಗೆ ಹೇಳಿದಳು, ನನ್ನ ಮುಖ ನೋಡದೆ.

ಮಧ್ಯಾಹ್ನ ದೂರದಲ್ಲಿ ಸೀಟಿ ಊದಿದರು. ಜನ ಹೋ ಎಂದು ಕೂಗಿದರು. ನಾವು ದೊಡ್ಡ ಚಕ್ರದ ಕ್ಯೂನಲ್ಲಿದ್ದೆವು. ಎಲ್ಲರೂ ಅಲೆಯ ಕೊಳಕ್ಕೆ ಹೋದಾಗ ಇಲ್ಲಿ ಕ್ಯೂ ಕಡಿಮೆ ಎಂದು ವಿಡಿಯೋದ ಹುಡುಗ ಹೇಳಿದ್ದ.

"ಅಲೆ ಬಂತು ಅನ್ಸತ್ತೆ ಕಣ್ರೀ" ಎಂದಳು ಹೆಂಡತಿ.

"ಸಂಜೆ ಇನ್ನೊಂದ್ಸಲ ಬಿಡ್ತಾರೆ. ಆವಾಗ ಹೋಗೋಣ."

ಅವಳು ಆ ದಿಕ್ಕಿಗೆ ಕತ್ತು ತಿರುಗಿಸಿಯೇ ನಿಂತಿದ್ದಳು.

ಸಂಜೆ ಎರಡನೆಯ ಸೀಟಿ ಊದುವುದಕ್ಕೆ ಸ್ವಲ್ಪ ಮುಂಚೆ ಅವಳು ಕ್ಯೂನಲ್ಲೇ ಕುಸಿದಳು. ಕಂಬಿ ಹಿಡಿದುಕೊಂಡಿದ್ದ ಕೈ ಬಿಟ್ಟುಹೋಯಿತು, ಅಷ್ಟೇ, ಸದ್ದೂ ಆಗಲಿಲ್ಲ. ಮುಖಕ್ಕೆ ನೀರು ಚಿಮುಕಿಸಲೆಂದು ಮಗಳು ಬ್ಯಾಗಿನಿಂದ ಎರಡು ಲೀಟರಿನ ಬಾಟಲಿ ತೆಗೆದಳು. ಬಾಟಲಿ ಕತ್ತಿನವರೆಗೆ ತುಂಬಿತ್ತು. ಬೆಳಿಗ್ಗೆ ಮನೆಯಲ್ಲಿ ತುಂಬಿಸಿದ್ದು. ನಾವು ಮೂವರೂ ಅಂಗಡಿಯ ಜ್ಯೂಸು ಕುಡಿದಿದ್ದೆವು. ಅವಳು ಆ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಪಾರ್ಕಿನ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಡ್ರಿಪ್ ಹಾಕಿದರು. ವೈದ್ಯೆ ಚಿಕ್ಕ ವಯಸ್ಸಿನವರು. "ಬೆಳಿಗ್ಗೆಯಿಂದ ನೀರೇ ಕುಡಿದಿಲ್ವಾ ಅಮ್ಮ? ಈ ಬಿಸಿಲಲ್ಲಿ? ಯಾಕೆ?" ಎಂದು ಗದರಿದರು.

ಹೆಂಡತಿ ನನ್ನ ಕಡೆ ನೋಡದೆ ಸಣ್ಣ ದನಿಯಲ್ಲಿ ಹೇಳಿದಳು: "ಕುಡಿದ್ರೆ ಹೋಗ್ಬೇಕಾಗತ್ತಲ್ಲಮ್ಮ. ಅಲ್ಲಿ ಬೇರೆ ಕ್ಯೂ. ಇವರ ಲೈನ್‌ನಲ್ಲಿದ್ದ ಹೆಂಗಸರು ಹೇಳ್ಕೊಟ್ಟಿದ್ರು. ಬೆಳಿಗ್ಗೆ ಕಾಫಿ ಕುಡಿದು ಆಮೇಲೆ ಬಾಯಿ ಕಟ್ಕೊಂಡ್ರೆ ಸಂಜೆವರ್ಗೂ ತಡ್ಕೋಬಹುದು ಅಂತ."

ವೈದ್ಯೆಗೆ ಅದು ಅರ್ಥವಾಗಲಿಲ್ಲ. ಅರ್ಥವಾದದ್ದು ನನಗೊಬ್ಬನಿಗೇ.

ನಮ್ಮ ಲೈನಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಶೌಚಕ್ಕೆ ಹೋಗುವವಳು ಆ ಬಿಲ್ಲೆ ಹಿಡಿದುಕೊಂಡೇ ಏಳಬೇಕು. ಅವಳು ತಂದು ಮೊಳೆಗೆ ತಗುಲಿಹಾಕುವವರೆಗೆ ಇನ್ನೊಬ್ಬಳು ಏಳುವಂತಿಲ್ಲ. ಇಡೀ ಸಾಲಿಗೆ ಒಂದೇ ಬಿಲ್ಲೆ. ಆ ನಿಯಮ ಮಾಡಿದವನು ಮ್ಯಾನೇಜರಲ್ಲ, ನಾನು. ಲೈನಿನ ಕೊನೆಯಲ್ಲಿ ಕುಡಿಯುವ ನೀರಿನ ಡ್ರಮ್ ಇಟ್ಟಿದ್ದರು. ಬಿಲ್ಲೆ ಬಂದ ಕೆಲವು ವಾರಗಳಲ್ಲಿ ಆ ಡ್ರಮ್ಮಿನ ನೀರು ಸಂಜೆಯಾದರೂ ಇಳಿಯದಾಯಿತು. ನಾನು ಅದನ್ನು ಗಮನಿಸಿದೆ. ಗಮನಿಸುವುದೇ ನನ್ನ ಕೆಲಸವಲ್ಲವೇ. ಗಮನಿಸಿ ಬರೆದೆ: ಈ ಲೈನಿನವರು ನೀರಿಗೆ, ಶೌಚಕ್ಕೆ ಹೆಚ್ಚು ಏಳುವುದಿಲ್ಲ, ಅಲವೆನ್ಸ್ ಇನ್ನೂ ಇಳಿಸಬಹುದು. ಇಳಿಸಿದರು. ನನ್ನ ಬೆನ್ನು ತಟ್ಟಿದರು.

ಭಾನುವಾರ ನಮ್ಮ ಬೀದಿಯ ನಲ್ಲಿಯ ಹತ್ತಿರ ಆ ಹೆಂಗಸರಲ್ಲಿ ಕೆಲವರು ನನ್ನ ಹೆಂಡತಿಗೆ ಸಿಗುತ್ತಿದ್ದರು. ಏನು ಮಾತಾಡಿಕೊಳ್ಳುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅವಳಿಗೆ ಮೂತ್ರದ ಸೋಂಕಾಗಿ ಜ್ವರ ಒಂದು ವಾರ ಬಿಡಲಿಲ್ಲ. ಆ ವಾರ ಅಡುಗೆ ನನ್ನ ಪಾಲಿಗೆ ಬಂತು. ಉಪ್ಪಿನಕಾಯಿ ಜಾಡಿ ಎತ್ತಿದಾಗ ಕೆಳಗೆ ಹಾಳೆಗಳು ಕಂಡವು. ಮಡಿಕೆ ನಾನು ಹಾಕಿದಂತಿರಲಿಲ್ಲ. ಎಣ್ಣೆ ಹತ್ತಿದ್ದ ಹಾಳೆ ಒಳಗಡೆಗೆ ಬಂದಿತ್ತು. ಮೂರನ್ನೂ ಹಿಡಿದು ಅವಳ ಮಂಚದ ಹತ್ತಿರ ಹೋದೆ.

"ಇದನ್ನ ಓದಿದ್ಯಾ?"

"ಹೋಗೋಕೆ ಮುಂಚೇನೇ ಓದಿದ್ದೆ. ಜಾಡಿ ಒರೆಸುವಾಗ ಸಿಕ್ತು. ಚೆನ್ನಾಗಿ ಬರೆದಿದ್ದಾರೆ ಪಾಪ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಜಾಡಿ ಕೆಳಗೆ ಇಟ್ಟೋರು ನೀವು. ನಾನೇನು ಹೇಳ್ಲಿ?" ಎಂದು ಗೋಡೆಯ ಕಡೆ ಹೊರಳಿದಳು. ಆ ಕಡೆ ನೋಡುತ್ತಲೇ, "ಅಲ್ಲಿಗೆ ಇನ್ನ ನಾನು ಬರಲ್ಲ ಕಣ್ರೀ. ಮಗುನ ಕರ್ಕೊಂಡು ನೀವು ಹೋಗಿ" ಎಂದಳು. ಕೋಪದಲ್ಲಿ ಹೇಳಿದ್ದರೆ ಸಹಿಸಬಹುದಿತ್ತು. ತರಕಾರಿಯವನಿಗೆ ಇವತ್ತು ಬೇಡಪ್ಪ ಎನ್ನುವಂತೆ ಹೇಳಿದಳು.

ಮಗಳಿಗೆ ಸುಳ್ಳಿನ ವಿಷಯ ಆ ದಿನವೇ ಒಪ್ಪಿಕೊಂಡೆ. ಅವಳು ಹಾಳೆಗಳನ್ನು ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು; ಮೂರು ದಿನ ನನ್ನ ಜೊತೆ ಅಗತ್ಯಕ್ಕಷ್ಟೇ ಮಾತಾಡಿದಳು.

ಲೈನಿನ ಹೆಂಗಸರಲ್ಲಿ ಎಲ್ಲಿದ್ದಾಳೆಂದು ನನಗೆ ಗೊತ್ತಿದ್ದವಳು ಒಬ್ಬಳೇ. ದಾಸರಹಳ್ಳಿ ಮೆಟ್ರೋದ ಮೆಟ್ಟಿಲ ಬುಡದಲ್ಲಿ ಹೂ ಮಾರುತ್ತಾಳೆ. ಎಷ್ಟೋ ವರ್ಷದಿಂದ ನಾನು ರಸ್ತೆಯ ಎದುರು ಬದಿಯಿಂದ ಹಾದುಹೋಗುತ್ತಿದ್ದೆ. ಹೆಂಡತಿ ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಆ ಹೂವಿನವಳ ಮುಂದೆ ಹೋಗಿ ನಿಂತೆ.

"ಓಹೋ, ಸೆಕೆಂಡ್ ಸಾರ್!" ಎಂದಳು ಹೂ ಕಟ್ಟುವ ಕೈ ನಿಲ್ಲಿಸದೆ. "ಎಷ್ಟು ಮೊಳ? ಮೊಳ ಅಳೆಯೋಕೂ ವಾಚ್ ತಂದಿದ್ದೀರಾ?"

ನಾನು ಬಿಲ್ಲೆಯ ಮಾತು ತೆಗೆದೆ, ಡ್ರಮ್ಮಿನ ನೀರು ನೋಡಿ ಏನು ಬರೆದೆ ಎಂದೂ ಹೇಳಿದೆ. ತಪ್ಪಾಯಿತು ಎಂದೆ. ಅವಳ ಕೈ ನಿಂತಿತು.

"ಡ್ರಮ್ ನೋಡಿ ಬರೆದಿದ್ದು ನೀವೇನಾ? ಅದು ಗೊತ್ತಿರ್ಲಿಲ್ಲ ನಮಗೆ." ಹೂವಿನ ಮೇಲೆ ನೀರು ಚಿಮುಕಿಸಿದಳು. "ಈಗ ಹೇಳಿದ್ರಿ, ನಿಮಗೆ ಹಗುರ ಆಯ್ತು. ನನ್ನ ಮಗಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ ಸಾರ್. ನಾನೇ ಹೇಳ್ಕೊಟ್ಟು ಕಳ್ಸಿದ್ದೀನಿ, ಬೆಳಿಗ್ಗೆ ಕಾಫಿ ಕುಡಿ, ಆಮೇಲೆ ಬಾಯಿ ಕಟ್ಕೋ ಅಂತ. ಅವಳಿಗೂ ಯಾರಾದ್ರೂ ಮುದುಕ ಆದ್ಮೇಲೆ ಬಂದು ತಪ್ಪಾಯ್ತು ಅಂತಾರೆ ಬಿಡಿ."

ಎರಡು ಮೊಳ ಮಲ್ಲಿಗೆ ಕೇಳಿದೆ. ತೋಳು ಪೂರ್ತಿ ಚಾಚಿ ಅಳೆದುಕೊಟ್ಟಳು. ಅವಳ ಅಳತೆಯಲ್ಲಿ ಕಡಿತವಿರಲಿಲ್ಲ. ನನಗೆ ಹಗುರವೂ ಆಗಲಿಲ್ಲ.

ಹೂವನ್ನು ಹೆಂಡತಿಯ ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ಅರ್ಧ ದೇವರಿಗಿಟ್ಟು ಅರ್ಧ ಮುಡಿದುಕೊಂಡಳು. "ಅವಳು ಸರಿಯಾಗೇ ಅಂದಿದ್ದಾಳೆ" ಎಂದಳು. ಪಾರ್ಕಿನ ಮಾತು ಆಗ ಬರಲಿಲ್ಲ. ಅದಾದ ಮೇಲೂ ನಾನು ಅವಳನ್ನು ಕರೆಯಲಿಲ್ಲ; ಕರೆಯುವ ಹಕ್ಕು ನನಗಿಲ್ಲವೆನಿಸುತ್ತಿತ್ತು. ಈ ವರ್ಷ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಒಂದೇ ಸಮ ಹಟ ಹಿಡಿದಾಗ ಹೆಂಡತಿಯೇ ಮಗಳನ್ನು ಕರೆದು, "ಆ ಮೂರು ಹಾಳೆ ಇದೆಯಾ ನಿನ್ಹತ್ರ? ಕೊಡು. ಅದ್ರಲ್ಲಿದ್ದಂಗೆ ಹೋಗೋದಾದ್ರೆ ಬರ್ತೀನಿ" ಎಂದಳು. ನನ್ನ ಕಡೆ ತಿರುಗಿ, "ನೀವು ಬ್ಯಾಗ್ ಹಿಡ್ಕೊಳ್ಳಿ" ಎಂದಳು.

ಹತ್ತು ಗಂಟೆ ದಾಟಿದ ಮೇಲೆ ಹೋದೆವು. ಎಣ್ಣೆಯ ಕಲೆಯ ಹಾಳೆ ಹಿಡಿದು ಅವಳು ಮೊದಲು ಶೌಚಾಲಯ ಹುಡುಕಿದಳು, ಆಮೇಲೆ ನೆರಳು. ಅವಳು ಒಳಗೆ ಹೋದಾಗ ನಾನು ಹೊರಗೆ ಬ್ಯಾಗುಗಳೊಂದಿಗೆ ನಿಂತಿದ್ದೆ. ಸುಳ್ಳು ಹೇಳಬಾರದು, ಕಣ್ಣು ತಾನಾಗಿ ಕೈಗಡಿಯಾರಕ್ಕೆ ಹೋಯಿತು. ಹನ್ನೊಂದು ನಿಮಿಷ. ಲೈನಿನಲ್ಲಿ ನಾನು ಕೊಟ್ಟಿದ್ದು ಮೂರು.

ಮಧ್ಯಾಹ್ನ ಸೀಟಿ ಊದಿದರು. ನಾನು ಕೊಳದ ಪಕ್ಕದ ಬೆಂಚಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದೆ. ಹೆಂಡತಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಮ್ಮಗಳ ಕೈ ಹಿಡಿದು ನೀರಿನಂಚಿನಲ್ಲಿ ಕೂತಳು. ಮೊದಲ ಅಲೆ ಬಂದಾಗ ಹುಡುಗಿಯಂತೆ ಕಿರುಚಿದಳು. ಮದುವೆಯಾದಾಗಿನಿಂದ ಆ ದನಿಯನ್ನು ನಾನು ಕೇಳಿರಲಿಲ್ಲ. ಸಂತೋಷಪಡುತ್ತಿದ್ದಂತೆಯೇ ಹೂವಿನವಳ ಮಗಳು ನೆನಪಾದಳು. ವಾರದ ನಡುವಿನ ದಿನ. ಅವಳು ಆ ಹೊತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿರಬೇಕು, ತುಟಿ ಒಣಗಿಸಿಕೊಂಡು.

ಮೊಮ್ಮಗಳು ತೊಯ್ದ ಕಾಲಿನಲ್ಲಿ ಓಡಿಬಂದಳು. "ತಾತ, ಅಜ್ಜಿಗೆ ನೀರು ಬೇಕಂತೆ!"

ಬ್ಯಾಗಿನಿಂದ ಬಾಟಲಿ ತೆಗೆದೆ. ಖಾಲಿಯಾಗಿತ್ತು. ಹೆಂಡತಿಯೇ ಕುಡಿದು ಮುಗಿಸಿದ್ದಳು. ಚಪ್ಪಲಿಗಳನ್ನು ಮೊಮ್ಮಗಳಿಗೆ ಕಾಯಲು ಹೇಳಿ, ತುಂಬಿಸಿ ತರಲು ಎದ್ದೆ.