ನನ್ನ ಸೀಟಿ ಕೇಳಿ ಹೊರಟ ಬಸ್ಸು

ಸ್ನೇಹಿತರೇ, ಇವತ್ತು ನಮ್ಮೂರು ಮೇಳಿಗೆಯಲ್ಲಿ ಒಂದು ಬಸ್ಸನ್ನು ನಾನೇ ಹೊರಡಿಸಿಬಿಟ್ಟೆ. ಬಸ್ ನಿಲ್ದಾಣದ ಪಕ್ಕದ ಮೈದಾನದಲ್ಲಿ ನಮ್ಮ ಶಾಲೆಯ ಗೈಡ್ಸ್ ಹುಡುಗಿಯರಿಗೆ ಸೀಟಿಯ ಸಂಕೇತ ಕಲಿಸುತ್ತಿದ್ದೆ. ಎರಡು ಸಲ ಊದಿದ್ದೇ ತಡ, ನಿಂತಿದ್ದ ಬಸ್ಸು ಹೊರಟೇಹೋಯಿತು. ಚಹಾ ಕುಡಿಯುತ್ತಿದ್ದ ಕಂಡಕ್ಟರ್ ಲೋಟ ಹಿಡಿದೇ ಓಡಿಬಂದರು.

"ಎಂತ ಮೇಡಂ, ನಾನಿಲ್ಲೇ ಇರ್ಬೇಕಾದ್ರೆ ರೈಟ್ ಹೇಳಿದ್ರಲ್ಲ ಮಾರಾಯ್ರೆ!"

ಅವರನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಬಸ್ಸಿನ ಬೆನ್ನಟ್ಟಿದೆ. ಹಿಂದಿನಿಂದ ಅವರು ಸೀಟಿ ಊದಿ ಊದಿ, ಎರಡನೇ ತಿರುವಿನಲ್ಲಿ ಬಸ್ಸು ನಿಂತಿತು. ಡ್ರೈವರ್ ತಲೆ ಹೊರಹಾಕಿದರು. "ನೀವು ಒಳಗೆ ಟಿಕೆಟ್ ಕೊಡ್ತಿದೀರಿ ಅಂದ್ಕಂಡಿದ್ನಲ್ರೀ!"

ನಾನು ಮೈದಾನಕ್ಕೆ ಮರಳಿದಾಗ ಆರನೇ ಕ್ಲಾಸಿನ ಸಿಂಚನಾ, ದಿನಕ್ಕೊಂದು ಒಳ್ಳೆ ಕೆಲಸ ಬರೆದಿಡುವ ನಮ್ಮ ಗೈಡ್ಸ್ ದಳದ ಡೈರಿ ಹಿಡಿದು ನಿಂತಿದ್ದಳು. "ಮಿಸ್, ಕಂಡಕ್ಟರನ್ನ ಬಸ್ಸಿಗೆ ಮುಟ್ಟಿಸಿದ್ದು ಇವತ್ತಿನ ಒಳ್ಳೆ ಕೆಲಸ ಅಂತ ಬರ್ಕಳ್ಲಾ?"

"ಬರ್ಕೋ. ಬಸ್ ಹೊರಡಿಸಿದ್ದು ಯಾರು ಅಂತ ಮಾತ್ರ ಬರೀಬೇಡ" ಎಂದೆ.